ಶಾಲೆ, ಸಮುದಾಯ ಭವನಕ್ಕೆ ಕಡಿಮೆ ಇಳಿಜಾರಿನ ಪಫ್ ಪ್ಯಾನೆಲ್ ಸೂರು ಹಾಕೋದು ಹೇಗೆ

ಕಲಬುರಗಿ, ರಾಯಚೂರು ಕಡೆ ಏಪ್ರಿಲ್ ಬಿಸಿಲಲ್ಲಿ ಬರೀ ತಗಡಿನ ಶೀಟ್ ಕೆಳಗೆ ಮಕ್ಕಳನ್ನ ಕೂರಿಸೋದು ನಿಜಕ್ಕೂ ಅನ್ಯಾಯ, ಮಳೆ ಬಂದ್ರೆ ಸದ್ದಿಗೆ ಪಾಠನೂ ಕೇಳಲ್ಲ. ಎರಡು ತಗಡಿನ ಮಧ್ಯೆ ಪಫ್ ಅನ್ನೋ ಪಾಲಿಯುರೆಥೇನ್ ಫೋಮ್ ತುಂಬಿರೋ ಪ್ಯಾನೆಲ್ ಹಾಕಿದ್ರೆ ಎರಡೂ ತೊಂದರೆ ಕಮ್ಮಿ ಆಗುತ್ತೆ.

ಮೊದ್ಲು ಸ್ಲೋಪ್ ನೋಡ್ಕೊಳ್ಳಿ. ಕಡಿಮೆ ಇಳಿಜಾರು ಅಂದ್ರೆ ಚಪ್ಪಟೆ ಅಂತಲ್ಲ, 5 ಡಿಗ್ರಿ ಇಟ್ರೆ 1 ಮೀಟರಿಗೆ ಹತ್ತತ್ರ 9 ಸೆಂ.ಮೀ. ಇಳಿಬೇಕು, ನಿಮ್ಮ ಪ್ಯಾನೆಲ್‌ಗೆ ಕಂಪನಿ ಎಷ್ಟು ಹೇಳಿದೆಯೋ ಅದಕ್ಕಿಂತ ಕಮ್ಮಿ ಮಾತ್ರ ಬೇಡ. ಆದಷ್ಟು ಮೇಲಿಂದ ಕೆಳಗಿನ ತನಕ ಒಂದೇ ಉದ್ದದ ಪ್ಯಾನೆಲ್ ತರಿಸಿ, ಯಾಕಂದ್ರೆ ಇಳಿಜಾರು ಕಮ್ಮಿ ಇದ್ದಾಗ ನೀರು ನಿಧಾನಕ್ಕೆ ಹರಿದು ಅಡ್ಡ ಜಾಯಿಂಟಲ್ಲೇ ಒಳಗೆ ನುಗ್ಗೋದು. ಅಡ್ಡ ಜಾಯಿಂಟ್ ತಪ್ಪಿಸೋಕಾಗಲ್ಲ ಅಂದ್ರೆ ಬ್ಯುಟೈಲ್ ಟೇಪ್ (ನೀರು ತಡೆಯೋ ಅಂಟು ರಬ್ಬರ್ ಪಟ್ಟಿ) ಎರಡು ಸಾಲು ಹಾಕಿಸಿ. ಪಕ್ಕದ ಜಾಯಿಂಟ್‌ನ ತೆರೆದ ಅಂಚು ಮಳೆಗಾಳಿಗೆ ಬೆನ್ನು ಹಾಕಿರ್ಲಿ.

ಜನ ಸೇರೋ ಕಟ್ಟಡ ಅಂದ್ಮೇಲೆ ಬೆಂಕಿ ವಿಷಯದಲ್ಲಿ ರಾಜಿ ಬೇಡ. ಪಫ್ ಶಾಖ ಚೆನ್ನಾಗಿ ತಡೆಯುತ್ತೆ ಆದ್ರೆ ಉರಿಯುತ್ತೆ, ಫೋಮ್ ಬದಲು ತುಂಬೋ ರಾಕ್‌ವೂಲ್ (ಕಲ್ಲು ಕರಗಿಸಿ ಮಾಡಿದ ನಾರು) ತೂಕ ಜಾಸ್ತಿ ಆದ್ರೂ ಉರಿಯಲ್ಲ, ಅಡುಗೆಮನೆ ಮೇಲಂತೂ ನಾನು ರಾಕ್‌ವೂಲೇ ಅಂತೀನಿ. ಫೈರ್ ಟೆಸ್ಟ್ ಸರ್ಟಿಫಿಕೇಟ್ ಕೇಳಿ ಇಸ್ಕೊಳ್ಳಿ.

ಗಾಳಿ ಮೂಲೆ, ಅಂಚುಗಳಲ್ಲೇ ಜಾಸ್ತಿ ಎತ್ತೋದು, ಕಟ್ಟಡದ ಮೇಲಿನ ಗಾಳಿ ಒತ್ತಡಕ್ಕಿರೋ ಭಾರತೀಯ ಮಾನದಂಡ ಐಎಸ್ 875 ಭಾಗ 3ರ ಲೆಕ್ಕದ ಪ್ರಕಾರ ಅಲ್ಲಿ ಸ್ಕ್ರೂ ಹತ್ತಿರ ಹತ್ತಿರ ಬರ್ಲಿ. ಸ್ಕ್ರೂ ಅತಿಯಾಗಿ ಬಿಗಿದ್ರೆ ವಾಷರ್ ಹಿಂಡಿಹೋಗಿ ಸೋರುತ್ತೆ. ಡ್ರಿಲ್ ಮಾಡಿದ ಕಬ್ಬಿಣದ ಪುಡಿ ಅವತ್ತೇ ಗುಡಿಸಿ, ಬಿಟ್ರೆ ಅಲ್ಲೇ ತುಕ್ಕಿನ ಕಲೆ.