ಮಾಟುಂಗಾದ ಹಳೇ ಸೀಲಿಂಗಿಗೆ ಅದೇ ಪಟ್ಟಿ ಎಳೆದದ್ದು

ಹೋದ ವರ್ಷ ಮುಂಬೈಯ ಮಾಟುಂಗಾದ ಹಳೇ ಫ್ಲ್ಯಾಟೊಂದರಲ್ಲಿ ಸೀಲಿಂಗ್ ಅಂಚಿನ ಅಲಂಕಾರದ ಪಟ್ಟಿಯ ಎರಡಡಿ ತುಂಡು ಉದುರಿ ಬಿತ್ತು. ಮೇಲಿನ ಮನೆಯ ಬಾತ್‌ರೂಮ್ ಸೋರಿತ್ತು. ಮೊದಲು ಆ ಸೋರಿಕೆ ನಿಲ್ಲಬೇಕು, ಇಲ್ಲದಿದ್ದರೆ ಮುಂದಿನದ್ದೆಲ್ಲ ದಂಡ. ರಿಪೇರಿಗೆ ಹೋದ ನಾನು ಅಂಗಡಿಯ ರೆಡಿಮೇಡ್ ಪಟ್ಟಿ ತೋರಿಸಿದೆ. ಮನೆಯ ಕುಂದಾಪುರದ ಅಜ್ಜಿ ಒಪ್ಪಲಿಲ್ಲ. "ಹೊಸತು ಬೇಡ ಮಾರಾಯ, ಅದೇ ಬೇಕು."

ಆರ್ಟ್ ಡೆಕೊ ಎಂಬ ಹಳೇ ಕಟ್ಟಡ ಶೈಲಿಯ ಕಾಲದ, ಮೂರು ಮೆಟ್ಟಿಲಿನ ಪಟ್ಟಿ ಅದು, ಮಧ್ಯೆ ಮಧ್ಯೆ ಒಂದು ಹೂವು. ಮೆಟ್ಟಿಲು ಎಳೆಯುವುದು, ಹೂವು ಅಚ್ಚು ಹಾಕುವುದು. ಎರಡೂ ಬೇರೆ ಕೆಲಸ.

ಉಳಿದ ಪಟ್ಟಿಯ ಮೇಲಿನ ಪೇಂಟ್ ಕೆರೆದು, ಅದರ ಅಡ್ಡಕೊಯ್ತದ ಆಕಾರವನ್ನು ರಟ್ಟಿನ ಮೇಲೆ ತೆಗೆದುಕೊಳ್ಳಿ. ಅದನ್ನೇ ತಗಡಿನಲ್ಲಿ ಕತ್ತರಿಸಿ, ಅಂಚಿಗೆ ಅರ ಹಾಕಿ. ಈ ಫರ್ಮಾವನ್ನು ಮರದ ತುಂಡಿಗೆ ಹೊಡೆದರೆ ಎಳೆಯುವ ಗಾಡಿ ಸಿದ್ಧ. ಮೇಜಿಗೆ ಎಣ್ಣೆ ಸವರಿ, ಒಂದು ಬದಿಗೆ ನೇರ ರೀಪು ಹೊಡೆಯಿರಿ. ಗಾಡಿ ಅದಕ್ಕೆ ಒರಗಿಯೇ ಓಡಬೇಕು.

ಇನ್ನು ಪಿಒಪಿ, ಅಂದರೆ ಪ್ಲಾಸ್ಟರ್ ಆಫ್ ಪ್ಯಾರಿಸ್, ಕಲಸುವುದು. ಎಲ್ಲರೂ ಕೆಡಿಸುವುದು ಇಲ್ಲೇ. ಒಂದು ಕಿಲೋಗೆ ಸುಮಾರು 700 ಮಿಲಿ ನೀರು. ನೀರಿಗೆ ಪುಡಿ ಉದುರಿಸಬೇಕು, ಪುಡಿಗೆ ನೀರು ಸುರಿಯಬಾರದು. ಒಂದೆರಡು ನಿಮಿಷ ಹಾಗೇ ಬಿಟ್ಟು, ಗುಳ್ಳೆ ಏಳದಂತೆ ಮೆಲ್ಲಗೆ ಕಲಸಿ. ಕಲಸುವ ಬಾಣಲೆ ಘಮೇಲಾದಲ್ಲಿ ಹಳೇ ಗಟ್ಟಿ ಚೂರು ಅಂಟಿದ್ದರೆ ಹೊಸದು ಕೈಯಲ್ಲೇ ಗಟ್ಟಿಯಾಗುತ್ತದೆ. ನಿಧಾನ ಬೇಕಿದ್ದರೆ ನಾಲ್ಕು ಹನಿ ನಿಂಬೆರಸ ಸಾಕು. ಗಟ್ಟಿಯಾಗತೊಡಗಿದ ಮೇಲೆ ನೀರು ಬೆರೆಸಿದಿರೋ, ಪಿಒಪಿ ಸತ್ತಂತೆ. ಆಮೇಲೆ ಉಗುರಿಗೇ ಉದುರುತ್ತದೆ. ಜುಲೈ ತಿಂಗಳಲ್ಲಿ ನನಗೆ ಸಿಕ್ಕ ಒಂದು ಚೀಲವಂತೂ ತೇವ ಹೀರಿ ಮೊದಲೇ ಸತ್ತಿತ್ತು. ಒಂದಿಡೀ ದಿನ ಹಾಳು. ಈಗ ಒಂದು ಹಿಡಿ ಕಲಸಿ ನೋಡದೆ ಚೀಲಕ್ಕೆ ದುಡ್ಡು ಕೊಡುವುದಿಲ್ಲ.

ಮೊಸರಿನಷ್ಟು ದಪ್ಪವಾದಾಗ ಮೇಜಿನ ಮೇಲೆ ಸುರಿದು ಗಾಡಿ ಎಳೆಯಿರಿ. ಒಂದೇ ದಿಕ್ಕು, ನಿಲ್ಲಿಸದೆ. ಪ್ರತಿ ಸಲ ತಗಡು ತೊಳೆಯಬೇಕು. ಮೊದಲ ನಾಲ್ಕೈದು ಸಲ ಒರಟಾಗಿಯೇ ಬರುತ್ತದೆ, ಹೆದರಬೇಡಿ. ತೆಳು ಪಿಒಪಿ ಸವರಿ ಮತ್ತೆ ಎಳೆದಾಗ ಗೆರೆ ಚೂಪಾಗುತ್ತದೆ. ಪಿಒಪಿ ಗಟ್ಟಿಯಾಗುವಾಗ ಕೂದಲೆಳೆಯಷ್ಟು ಹಿಗ್ಗುತ್ತದೆ, ತಡಮಾಡಿದರೆ ಗಾಡಿ ಸಿಕ್ಕಿಕೊಳ್ಳುತ್ತದೆ.

ಹೂವಿನ ಅಚ್ಚಿಗೆ ಗಣಪತಿ ಮಾಡುವ ಶಾಡು ಮಣ್ಣು ತಂದು, ಉಳಿದ ಹೂವಿನ ಮೇಲೆ ಒತ್ತಿ ತೆಗೆದೆ. ದಳದ ಕೆಳಗೆ ಒಳಕ್ಕೆ ಬಾಗಿದ ಸಂದು ಇದ್ದರೆ ಗಟ್ಟಿ ಅಚ್ಚಿನಿಂದ ಬಿಡಿಸಲಾಗದು, ಸಿಲಿಕೋನ್ ರಬ್ಬರೇ ಬೇಕು. ಅಚ್ಚಿಗೆ ಮೊದಲು ಬ್ರಷ್‌ನಲ್ಲಿ ಪಿಒಪಿ ತೆಳುವಾಗಿ ಹಚ್ಚಿ, ಮೂಲೆಯ ಗುಳ್ಳೆ ಒಡೆಯಿರಿ. ಮೇಲೆ ದಪ್ಪ ಪದರ, ಅದರಲ್ಲಿ ಅದ್ದಿದ ಗೋಣಿತಾಟಿನ ಚೂರು. ಬಿಸಿಯೇರಿ ಮತ್ತೆ ತಣ್ಣಗಾದ ಮೇಲೆ ಬಿಡಿಸಿ.

ಕೂರಿಸುವಾಗ ಸೀಲಿಂಗನ್ನೂ ಪಟ್ಟಿಯ ಬೆನ್ನನ್ನೂ ಗೀರಿ, ನೀರು ಚಿಮುಕಿಸಿ, ಪಿಒಪಿಯಲ್ಲೇ ಅಂಟಿಸಿ. ಭಾರಕ್ಕೆ ಹಿತ್ತಾಳೆ ಸ್ಕ್ರೂ ಹಾಕಿ. ಕಬ್ಬಿಣದ್ದು ತುಕ್ಕು ಹಿಡಿದು ಕಂದು ಕಲೆ ಬಿಡುತ್ತದೆ.

ಪೇಂಟಿಗೆ ಅವಸರ ಬೇಡ. ಮುಂಬೈ ಮಳೆಯಲ್ಲಿ ವಾರಗಟ್ಟಲೆ ಒಣಗುವುದಿಲ್ಲ. ಏಣಿ ಹತ್ತಿ ಪಟ್ಟಿಗೆ ಕೆನ್ನೆ ಒತ್ತಿ ನೋಡಿ. ತಣ್ಣಗಿದ್ದರೆ ಇನ್ನೂ ನೀರಿದೆ, ಫ್ಯಾನ್ ಹಾಕಿ ಬಿಡಿ. ಅಜ್ಜಿ ಮೂರು ವಾರ ಫ್ಯಾನ್ ಓಡಿಸಿ, ಕರೆಂಟ್ ಬಿಲ್ ನನಗೇ ತೋರಿಸಿದರು.