ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಬಿಚ್ಚುವ ಮೊದಲು ಈ ಟೂಲ್‌ಗಳನ್ನು ಮಾಡಿಕೊಳ್ಳಿ

ಶಿರಾಡಿ ಘಾಟಿಯಲ್ಲಿ ಲೋಡು ಹೊತ್ತು ಮೊದಲ, ಎರಡನೇ ಗೇರಿನಲ್ಲೇ ತೆವಳುವ ಟಿಪ್ಪರ್‌ನಲ್ಲಿ ಬಿಸಿಯಾಗುವುದು ಎಂಜಿನ್ ಒಂದೇ ಅಲ್ಲ. ಎಂಜಿನ್ನಿನ ಶಕ್ತಿಯನ್ನು ಎಣ್ಣೆಯ ಮೂಲಕ ದಾಟಿಸುವ ಟಾರ್ಕ್ ಕನ್ವರ್ಟರ್ ಇರುವ ಗೇರ್‌ಬಾಕ್ಸ್ ಆದರೆ, ಕನ್ವರ್ಟರ್ ಲಾಕ್ ಆಗದೆ ಎಣ್ಣೆಯನ್ನು ಕಡೆಯುತ್ತಲೇ ಇರುತ್ತದೆ. ಎಣ್ಣೆ ಕಾದು ರಬ್ಬರ್ ಸೀಲ್ ಗಟ್ಟಿಯಾಗುತ್ತದೆ, ಒತ್ತಡ ಸೋರುತ್ತದೆ, ಕ್ಲಚ್ ಜಾರಿ ಫೈಬರ್ ಪ್ಲೇಟ್ ಕರಕಲಾಗುತ್ತದೆ. ಆಮೇಲೆ ಬಿಚ್ಚಲೇಬೇಕು.

ಬಿಚ್ಚುವ ಮೊದಲು ಒಂದು ವಿಷಯ ಖಚಿತ ಮಾಡಿಕೊಳ್ಳಿ. ಕ್ಲಚ್ ಪೆಡಲ್ ಇಲ್ಲ ಅಂದ ಮಾತ್ರಕ್ಕೆ ಎಲ್ಲವೂ ಒಂದೇ ಜಾತಿಯ ಗೇರ್‌ಬಾಕ್ಸ್ ಅಲ್ಲ. ಎಎಂಟಿ (ಆಟೊಮೇಟೆಡ್ ಮ್ಯಾನುಯಲ್ ಟ್ರಾನ್ಸ್‌ಮಿಷನ್) ಎನ್ನುವುದು ಒಳಗೆ ಸಾಮಾನ್ಯ ಗೇರ್‌ಬಾಕ್ಸೇ. ಕ್ಲಚ್ ಒತ್ತುವ, ಗೇರ್ ಬದಲಿಸುವ ಕೆಲಸವನ್ನಷ್ಟೇ ಯಂತ್ರ ಮಾಡುತ್ತದೆ. ಇಲ್ಲಿ ಹೇಳುತ್ತಿರುವುದು ಆಲಿಸನ್ 3000 ಸರಣಿಯಂಥವುಗಳ ಬಗ್ಗೆ: ಮುಂದೆ ಟಾರ್ಕ್ ಕನ್ವರ್ಟರ್, ಒಳಗೆ ಮೂರು ಪ್ಲಾನೆಟರಿ ಸೆಟ್ (ನಡುವಿನ ಗೇರಿನ ಸುತ್ತ ಸಣ್ಣ ಗೇರುಗಳು ತಿರುಗುವ ಜೋಡಣೆ), ಎಣ್ಣೆಯ ಒತ್ತಡದಲ್ಲಿ ಹಿಡಿಯುವ ಐದು ಕ್ಲಚ್.

ಕಂಪನಿಯ ಸರ್ವಿಸ್ ಮ್ಯಾನುಯಲ್ ತೆರೆದರೆ ಪುಟಪುಟಕ್ಕೂ ಒಂದೊಂದು ವಿಶೇಷ ಟೂಲ್ ಕೇಳುತ್ತದೆ. ಅವುಗಳಲ್ಲಿ ಬಹುಪಾಲು, ಸರಿಯಾದ ಅಳತೆಗೆ ಕಡೆದ ಕಬ್ಬಿಣದ ತುಂಡುಗಳು ಅಷ್ಟೆ. ಹಾಸನದ ಕೈಗಾರಿಕಾ ಪ್ರದೇಶದಲ್ಲಿ ಲೇತ್ ಇರುವ ಯಾವ ಅಂಗಡಿಯಲ್ಲೂ ಮಾಡಿಸಬಹುದು. ಆದರೆ ಪ್ರತಿಯೊಂದು ಟೂಲೂ ಯಾವುದೋ ಒಂದು ನಾಜೂಕು ಭಾಗವನ್ನು ಕಾಪಾಡಲಿಕ್ಕೆ ಇದೆ. ಆ ಭಾಗ ಯಾವುದೆಂದು ತಿಳಿದುಕೊಂಡು ಮಾಡಿದರೆ ಮಾತ್ರ ಮನೆಯ ಟೂಲ್ ಕಂಪನಿಯದರಷ್ಟೇ ಕೆಲಸ ಮಾಡುತ್ತದೆ.

ಸ್ಟ್ಯಾಂಡ್

ಈ ಗಾತ್ರದ ಗೇರ್‌ಬಾಕ್ಸ್ ಸುಮಾರು ಕಾಲು ಟನ್ ತೂಗುತ್ತದೆ. ಒಳಗಿನ ಭಾಗಗಳನ್ನು ಮೇಲಿನಿಂದ ಇಳಿಸಬೇಕಾದ್ದರಿಂದ ಪೆಟ್ಟಿಗೆ ನೆಟ್ಟಗೆ ನಿಲ್ಲಬೇಕು. 50x50x6 ಮಿ.ಮೀ. ಆ್ಯಂಗಲ್‌ನಲ್ಲಿ 600 ಮಿ.ಮೀ. ಎತ್ತರದ ನಾಲ್ಕು ಕಾಲಿನ ಮೇಜು ಮಾಡಿಸಿ, ಮೇಲೆ 12 ಮಿ.ಮೀ. ಪ್ಲೇಟ್ ಹಾಕಿ, ಔಟ್‌ಪುಟ್ ಶಾಫ್ಟ್ ಕೆಳಗೆ ಇಳಿಬೀಳಲು ನಡುವೆ ತೂತು ಬಿಡಿ. ಪೆಟ್ಟಿಗೆಯನ್ನು ಬೋಲ್ಟ್ ಹಾಕಿ ಕಟ್ಟಿ. ಸುಮ್ಮನೆ ಕೂರಿಸಿ ಕೆಲಸ ಮಾಡಬೇಡಿ.

ಸ್ಪ್ರಿಂಗ್ ಒತ್ತುವ ಟೂಲ್

ಮುಖ್ಯವಾದದ್ದು ಇದೇ. ಕ್ಲಚ್ ಪಿಸ್ಟನ್ ಹಿಂದಕ್ಕೆ ಬರಲು ಡ್ರಮ್ಮಿನ (ಕ್ಲಚ್ ಪ್ಲೇಟುಗಳು ಕೂರುವ ಬಟ್ಟಲು) ಒಳಗೆ ಬಿಗಿಯಾದ ಸ್ಪ್ರಿಂಗ್‌ಗಳಿರುತ್ತವೆ. ಅವನ್ನು ಒತ್ತಿ ಹಿಡಿದರೆ ಮಾತ್ರ ಸರ್‌ಕ್ಲಿಪ್ (ಅವನ್ನು ಹಿಡಿದಿಡುವ ಲಾಕ್ ರಿಂಗ್) ಕೈಗೆ ಬರುತ್ತದೆ. ಬೇಕಾದ ಸಾಮಾನು:

- ಎಂ 16 ಥ್ರೆಡ್ ರಾಡ್, 8.8 ಗ್ರೇಡ್, 400 ಮಿ.ಮೀ. ಉದ್ದ, ನಾಲ್ಕು ನಟ್ಟು
- 50x10 ಮಿ.ಮೀ. ಪಟ್ಟಿ, 300 ಮಿ.ಮೀ. ಉದ್ದದ ಎರಡು ತುಂಡು
- ಕೆಳಗಿಡಲು 12 ಮಿ.ಮೀ. ದಪ್ಪದ ಪ್ಲೇಟ್, ನಡುವೆ 17 ಮಿ.ಮೀ. ತೂತು
- ಸ್ಪ್ರಿಂಗ್ ರಿಟೇನರ್ (ಸ್ಪ್ರಿಂಗುಗಳ ಮೇಲಿನ ತಗಡಿನ ಬಳೆ) ಅಳತೆಯ ಪೈಪ್ ತುಂಡು, 80 ಮಿ.ಮೀ. ಎತ್ತರ
- ಗುಜರಿಯಿಂದ ಒಂದು ಹಳೆಯ ಕಿಂಗ್ ಪಿನ್ ಥ್ರಸ್ಟ್ ಬೇರಿಂಗ್

ಎರಡು ಪಟ್ಟಿಗಳನ್ನು ನಡುವೆ ರಾಡ್ ತೂರಲು 18 ಮಿ.ಮೀ. ಅಂತರ ಬಿಟ್ಟು, ಅಂಚು ಮೇಲೆ ಬರುವಂತೆ ನಿಲ್ಲಿಸಿ, ತುದಿಗಳಲ್ಲಿ ವೆಲ್ಡ್ ಮಾಡಿ. ಬಹಳ ಜನ ಪಟ್ಟಿಯನ್ನು ಮಲಗಿಸಿ ತೂತು ಕೊರೆಯುತ್ತಾರೆ. ಒಂದು ಟನ್ ಒತ್ತಡ ಬಿದ್ದರೆ ಮಲಗಿಸಿದ ಪಟ್ಟಿ ಬಿಲ್ಲಿನಂತೆ ಬಾಗಿ ಹಾಗೇ ಉಳಿಯುತ್ತದೆ. ಅದೇ ಪಟ್ಟಿ ನಿಂತರೆ ಐದು ಪಟ್ಟು ಭಾರ ತಡೆಯುತ್ತದೆ. ಖರ್ಚಿನಲ್ಲಿ ಒಂದು ರೂಪಾಯಿಯೂ ವ್ಯತ್ಯಾಸವಿಲ್ಲ.

ಪೈಪ್ ತುಂಡಿಗೆ ಎದುರುಬದುರು ಎರಡು ಕಿಟಕಿ ಕತ್ತರಿಸಿ, ತಲಾ 30 ಮಿ.ಮೀ. ಅಗಲ. ಸರ್‌ಕ್ಲಿಪ್‌ಗೆ ಇಕ್ಕಳ ಹೋಗುವ ದಾರಿ ಅದು. ಪೈಪಿನ ಕೆಳ ಅಂಚನ್ನು ಲೇತ್‌ನಲ್ಲೇ ಫೇಸ್ ಮಾಡಿಸಿ. ಗ್ರೈಂಡರ್‌ನಲ್ಲಿ ಕತ್ತರಿಸಿದ ಸೊಟ್ಟ ಅಂಚು ರಿಟೇನರ್‌ನ ಒಂದೇ ಬದಿಯನ್ನು ಒತ್ತುತ್ತದೆ. ಪೈಪ್ ಜಿಐ ಬೇಡ, ಕಪ್ಪು ಎಂಎಸ್ ಪೈಪೇ ಇರಲಿ. ಜಿಐ ಮೇಲಿನ ಸತು ವೆಲ್ಡಿಂಗ್‌ನಲ್ಲಿ ಹೊಗೆಯಾಗಿ ಜ್ವರ ತರಿಸುತ್ತದೆ.

ನಟ್ಟಿನ ಕೆಳಗೆ ಥ್ರಸ್ಟ್ ಬೇರಿಂಗ್ ಕೂರಿಸಿ. ಅದರ ರಂಧ್ರ ದೊಡ್ಡದಿರುತ್ತದೆ, ಆದ್ದರಿಂದ 17 ಮಿ.ಮೀ. ಒಳ ಅಳತೆಯ ಬುಷ್ ಕಡೆಸಿ ಹಾಕಿ, ಮೇಲೆ ದಪ್ಪ ವಾಷರ್ ಇಡಿ. ಬೇರಿಂಗ್ ಇಲ್ಲದಿದ್ದರೆ ನಟ್ಟು ಪಟ್ಟಿಯನ್ನೇ ಕೊರೆಯುತ್ತದೆ, ಥ್ರೆಡ್ ಕಿತ್ತುಕೊಳ್ಳುತ್ತದೆ.

ಡ್ರಮ್ಮಿನ ಕೆಳಗೆ ಪ್ಲೇಟ್, ರಿಟೇನರ್ ಮೇಲೆ ಪೈಪ್, ಪೈಪಿನ ಮೇಲೆ ಪಟ್ಟಿಗಳನ್ನಿಟ್ಟು ನಡುವೆ ರಾಡ್ ತೂರಿಸಿ, ಪ್ಲೇಟಿನ ಕೆಳಗೆ ಎರಡು ನಟ್ಟು ಒಂದಕ್ಕೊಂದು ಬಿಗಿದು ಲಾಕ್ ಮಾಡಿ. ಎಂ 16 ರಾಡ್‌ನಲ್ಲಿ ನಟ್ಟು ಒಂದು ಸುತ್ತಿಗೆ 2 ಮಿ.ಮೀ. ಇಳಿಯುತ್ತದೆ. ಪೈಪ್ ರಿಟೇನರ್‌ಗೆ ತಾಗಿದ ಮೇಲೆ ಸುತ್ತು ಎಣಿಸುತ್ತಾ ಹೋಗಿ. ಸರ್‌ಕ್ಲಿಪ್ ಸಡಿಲವಾಗಿ ಅಲುಗಾಡಿದ ಕೂಡಲೇ ನಿಲ್ಲಿಸಿ. ಇನ್ನೂ ಒತ್ತಿದರೆ ತಗಡಿನ ರಿಟೇನರ್ ಬಟ್ಟಲಿನಂತೆ ತಗ್ಗಾಗುತ್ತದೆ. ಹೈಡ್ರಾಲಿಕ್ ಪ್ರೆಸ್‌ಗಿಂತ ಈ ಸ್ಕ್ರೂ ಟೂಲೇ ಮೇಲು ಎನ್ನಲು ಕಾರಣವೂ ಅದೇ: ಪ್ರೆಸ್‌ನಲ್ಲಿ ಎಷ್ಟು ಇಳಿಯಿತೆಂದು ಕೈಗೆ ಗೊತ್ತಾಗುವುದಿಲ್ಲ. ಸರ್‌ಕ್ಲಿಪ್ ತೆಗೆದ ಮೇಲೆ ನಟ್ಟನ್ನು ಸ್ಪ್ರಿಂಗ್ ಪೂರ್ತಿ ಸಡಿಲವಾಗುವವರೆಗೆ ನಿಧಾನ ಬಿಚ್ಚಿ. ಮುಖವನ್ನು ಡ್ರಮ್ಮಿನ ನೇರಕ್ಕೆ ತರಬೇಡಿ.

ನಡುವೆ ಶಾಫ್ಟ್ ಇರುವ ಡ್ರಮ್ಮಿಗೆ ರಾಡ್ ತೂರುವುದಿಲ್ಲ. ಅದಕ್ಕೆ ಡ್ರಮ್ಮಿನ ಹೊರಬದಿ ಎರಡು ರಾಡ್ ನಿಲ್ಲಿಸಿ, ಮೇಲೆ ಅದೇ ಪಟ್ಟಿಗಳನ್ನು ಸೇತುವೆಯಂತೆ ಇಟ್ಟು, ಎರಡೂ ನಟ್ಟುಗಳನ್ನು ಅರ್ಧರ್ಧ ಸುತ್ತು ಸಮನಾಗಿ ಬಿಗಿಯಿರಿ.

ಸೀಲ್ ಕೂರಿಸುವ ತಂತಿ

ಪಿಸ್ಟನ್ನಿನ ಲಿಪ್ ಸೀಲ್‌ನ ತುಟಿ ಎಣ್ಣೆ ಒತ್ತಡ ಬರುವ ಕಡೆಗೇ ಮುಖ ಮಾಡಿರಬೇಕು. ಕೂರಿಸುವಾಗ ಆ ತುಟಿ ಮಡಚಿಕೊಂಡರೆ ಹೊಸ ಪ್ಲೇಟ್‌ಗಳೆಲ್ಲ ಮತ್ತೆ ಸುಟ್ಟವು ಎಂದೇ ಲೆಕ್ಕ. ಸ್ಕ್ರೂಡ್ರೈವರ್ ತಾಗಿಸಲೇ ಬೇಡಿ. ಸುತ್ತು ಇಲ್ಲದ ಗಿಟಾರ್ ತಂತಿ, ಸುಮಾರು 0.4 ಮಿ.ಮೀ.ನದು, ಒಂದು ಗೇಣು ತೆಗೆದುಕೊಂಡು ಬೆರಳ ತುದಿಯಷ್ಟು ಅಗಲದ ಕುಣಿಕೆ ಮಾಡಿ. ಎರಡೂ ತುದಿಗಳನ್ನು 100 ಮಿ.ಮೀ. ಬ್ರೇಕ್ ಪೈಪ್ ತುಂಡಿನೊಳಗೆ ತೂರಿಸಿ, ಪೈಪನ್ನು ಇಕ್ಕಳದಲ್ಲಿ ಅದುಮಿ. ಸೀಲ್‌ಗೂ ಡ್ರಮ್ಮಿಗೂ ಗೇರ್‌ಬಾಕ್ಸ್ ಎಣ್ಣೆ ಧಾರಾಳವಾಗಿ ಸವರಿ, ಪಿಸ್ಟನ್ ಮೆಲ್ಲಗೆ ಒತ್ತುತ್ತಾ ಕುಣಿಕೆಯಿಂದ ತುಟಿಯನ್ನು ಒಳಗೆ ಸರಿಸುತ್ತಾ ಸುತ್ತು ಬನ್ನಿ. ಪಿಸ್ಟನ್ ತನ್ನ ಭಾರಕ್ಕೇ ಜಾರಿ ಕೂತಂತೆ ಕೂರಬೇಕು. ಬಲ ಕೇಳಿದರೆ ತುಟಿ ಎಲ್ಲೋ ಮಡಚಿದೆ, ಹೊರಗೆ ತೆಗೆದು ನೋಡಿ.

ಟೆಫ್ಲಾನ್ ರಿಂಗ್‌ಗಳ ಕಷ್ಟ ಬೇರೆ. ಶಾಫ್ಟ್ ಮೇಲೆ ಏರಿಸುವಾಗ ಅವು ಹಿಗ್ಗುತ್ತವೆ, ತಾನಾಗಿ ಬೇಗ ಕುಗ್ಗುವುದಿಲ್ಲ. ಎಕ್ಸ್‌ರೇ ಫಿಲಂನ ಪಟ್ಟಿ ಸುತ್ತಿ, ಮೇಲೆ ಹೋಸ್ ಕ್ಲಿಪ್ ಹಾಕಿ ಹಗುರವಾಗಿ ಬಿಗಿದು ಕಾಲು ಗಂಟೆ ಬಿಡಿ.

ಗಾಳಿ ಪರೀಕ್ಷೆಯ ಪ್ಲೇಟ್

ಗೇರ್‌ಬಾಕ್ಸ್ ಮುಚ್ಚುವ ಮೊದಲು ಪ್ರತಿ ಕ್ಲಚ್ಚಿಗೂ ಗಾಳಿ ಕೊಟ್ಟು ನೋಡಬೇಕು. 12 ಮಿ.ಮೀ. ಅಲ್ಯೂಮಿನಿಯಂ ಪ್ಲೇಟ್ ಮೇಲೆ ಎಣ್ಣೆಯನ್ನು ಕ್ಲಚ್ಚುಗಳಿಗೆ ಹಂಚುವ ವಾಲ್ವ್ ಬಾಡಿಯ ಹಳೆಯ ಗ್ಯಾಸ್ಕೆಟ್ ಇಟ್ಟು ಗೆರೆ ಎಳೆಯಿರಿ. ಆಯಾ ಕ್ಲಚ್ಚಿಗೆ ಎಣ್ಣೆ ಹೋಗುವ ತೂತುಗಳ ಜಾಗದಲ್ಲಿ ಮಾತ್ರ ಕೊರೆದು ನಿಪ್ಪಲ್ ಕೂರಿಸಿ, ಕೆಳಗೆ 3 ಮಿ.ಮೀ. ರಬ್ಬರ್ ಹಾಳೆ ಹಾಕಿ. ಪ್ರತಿ ನಿಪ್ಪಲ್ ಪಕ್ಕ ಕ್ಲಚ್ ನಂಬರ್ ಪಂಚ್ ಮಾಡಿಬಿಡಿ.

ಗ್ಯಾರೇಜಿನ ಕಂಪ್ರೆಸರ್‌ನ ಪೂರಾ ಒತ್ತಡ ಬಿಡಬೇಡಿ. ರೆಗ್ಯುಲೇಟರ್ ಹಾಕಿ 30ರಿಂದ 40 ಪಿಎಸ್‌ಐಗೆ ಇಳಿಸಿ. ಇನ್ನೊಂದು ಮಾತು ನಮ್ಮ ಕಡೆಯವರಿಗೇ ವಿಶೇಷ: ಸಕಲೇಶಪುರ, ಮೂಡಿಗೆರೆ ಕಡೆ ಮಳೆಗಾಲದಲ್ಲಿ ಕಂಪ್ರೆಸರ್ ಟ್ಯಾಂಕಿನಲ್ಲಿ ನೀರು ತುಂಬುತ್ತದೆ. ಆ ನೀರು ಗಾಳಿಯ ಜೊತೆ ಒಳಗೆ ಹೋದರೆ ಫೈಬರ್ ಪ್ಲೇಟ್ ಅಂಟಿಸಿದ ಗೋಂದು ಬಿಡುತ್ತದೆ. ಬೆಳಿಗ್ಗೆ ಟ್ಯಾಂಕಿನ ಕೆಳಗಿನ ಕಾಕ್ ತೆರೆದು ನೀರು ಹರಿಸಿ, ಲೈನಿಗೆ ನೀರು ತಡೆಯುವ ಫಿಲ್ಟರ್ ಹಾಕಿದ ಮೇಲೆಯೇ ಪರೀಕ್ಷೆಗೆ ಕೈಹಾಕಿ.

ಗಾಳಿ ಬಿಟ್ಟಾಗ "ಧಪ್" ಎಂದು ಮಂದವಾಗಿ, ಒಂದೇ ಏಟಿಗೆ ಸದ್ದು ಬರಬೇಕು. ಗಾಳಿ ನಿಲ್ಲಿಸಿದಾಗ ಪಿಸ್ಟನ್ ಹಿಂದಕ್ಕೆ ಬರಬೇಕು. ರಿಂಗ್‌ಗಳ ಹತ್ತಿರ ಸಣ್ಣಗೆ ಸುಯ್ ಅನ್ನುವುದು ಸಹಜ. ಧಪ್ ಇಲ್ಲದೆ ಬರೀ ಬುಸುಗುಟ್ಟಿದರೆ ತುಟಿ ಮಡಚಿದೆ ಅಥವಾ ಸೀಲ್ ತಿರುಗುಮುರುಗಾಗಿದೆ.

ಉಳಿದ ಸಣ್ಣಪುಟ್ಟವು

ಎಣ್ಣೆ ಪಂಪ್ ಎಳೆಯಲು ಸ್ಲೈಡ್ ಹ್ಯಾಮರ್ (ರಾಡ್ ಮೇಲೆ ಜಾರಿಸಿ ಹೊಡೆಯುವ ತೂಕ): 50 ಮಿ.ಮೀ. ರೌಂಡ್ ಬಾರ್ 120 ಮಿ.ಮೀ. ಉದ್ದ ಕತ್ತರಿಸಿ ನಡುವೆ 18 ಮಿ.ಮೀ. ತೂತು ಕೊರೆದರೆ ಸುಮಾರು 1.6 ಕೆ.ಜಿ. ತೂಕ ಸಿಗುತ್ತದೆ. ಇಂಥ ಎರಡು ಬೇಕು, ಎರಡೂ ಕಡೆ ಒಟ್ಟಿಗೆ ಹೊಡೆಯಬೇಕು. ಒಂದೇ ಬದಿ ಎಳೆದರೆ ಪಂಪ್ ಓರೆಯಾಗಿ ಸಿಕ್ಕಿಕೊಳ್ಳುತ್ತದೆ. ಪಂಪ್ ವಾಪಸ್ ಕೂರಿಸುವಾಗ ಗ್ಯಾಸ್ಕೆಟ್ ಸರಿಯದಿರಲು, ಅದೇ ಥ್ರೆಡ್‌ನ ಎರಡು ಉದ್ದ ಬೋಲ್ಟುಗಳ ತಲೆ ಕತ್ತರಿಸಿ ತುದಿ ಚೂಪು ಮಾಡಿಟ್ಟುಕೊಳ್ಳಿ.

ಎಂಡ್ ಪ್ಲೇ (ಶಾಫ್ಟ್ ಹಿಂದೆ ಮುಂದೆ ಆಡುವ ಸಡಿಲ) ನೋಡುವ ಡಯಲ್ ಗೇಜ್ ಕೊಂಡುಕೊಳ್ಳಲೇಬೇಕು. ಟಾರ್ಕ್ ರೆಂಚ್ ಕೂಡ. ಆದರೆ ಗೇಜಿನ ಅಯಸ್ಕಾಂತ ಅಲ್ಯೂಮಿನಿಯಂ ಪೆಟ್ಟಿಗೆಗೆ ಹಿಡಿಯುವುದಿಲ್ಲ. 50x6 ಕಬ್ಬಿಣದ ಪಟ್ಟಿಯನ್ನು ಬೆಲ್ ಹೌಸಿಂಗ್‌ನ (ಕನ್ವರ್ಟರ್ ಸುತ್ತಲಿನ ಮುಂಭಾಗದ ಕವಚ) ಬೋಲ್ಟ್ ತೂತಿಗೆ ಬಿಗಿದು, ಅದರ ಮೇಲೆ ನಿಲ್ಲಿಸಿ. ಬಂದ ಅಳತೆಯನ್ನು ಮ್ಯಾನುಯಲ್‌ನ ಮಿತಿಗೆ ಹೋಲಿಸಿ ಶಿಮ್ (ಅಳತೆಯ ತೆಳು ವಾಷರ್) ಬದಲಿಸಿ.

ಬನಿಯನ್ ವೇಸ್ಟ್‌ನಿಂದ ಒರೆಸುವ ಅಭ್ಯಾಸ ಇಲ್ಲಿ ಬಿಡಬೇಕು, ಅದರ ಎಳೆ ವಾಲ್ವ್‌ನಲ್ಲಿ ಸಿಕ್ಕಿಕೊಳ್ಳುತ್ತದೆ. ಬೇರಿಂಗ್ ಅಂಟಿಸಿಡಲು ಚಾಸಿ ಗ್ರೀಸ್ ಬದಲು ವ್ಯಾಸಲೀನ್ ಬಳಸಿ. ಅದು ಬಿಸಿ ಎಣ್ಣೆಯಲ್ಲಿ ಕರಗಿಹೋಗುತ್ತದೆ. ಹೊಸ ಫೈಬರ್ ಪ್ಲೇಟ್‌ಗಳನ್ನು ಗೇರ್‌ಬಾಕ್ಸ್ ಎಣ್ಣೆಯಲ್ಲಿ ಅರ್ಧ ಗಂಟೆಯಾದರೂ ನೆನೆಸಿ.

ಕೊನೆಯ ಟೂಲ್ ಒಂದು ನೇರ ಪಟ್ಟಿ ಮತ್ತು ಉಕ್ಕಿನ ಸ್ಕೇಲು. ಕನ್ವರ್ಟರ್ ಬಿಚ್ಚುವ ಮೊದಲೇ ಬೆಲ್ ಹೌಸಿಂಗ್ ಅಂಚಿನ ಮೇಲೆ ಪಟ್ಟಿ ಇಟ್ಟು, ಅಲ್ಲಿಂದ ಕನ್ವರ್ಟರ್‌ನ ಬೋಲ್ಟ್ ಕೂರುವ ಜಾಗಕ್ಕೆ ಎಷ್ಟು ಆಳವೆಂದು ಅಳೆದು, ಪೆಟ್ಟಿಗೆಯ ಮೇಲೆ ಮಾರ್ಕರ್‌ನಲ್ಲಿ ಬರೆದಿಡಿ. ವಾಪಸ್ ಹಾಕುವಾಗ ಕನ್ವರ್ಟರ್ ಅನ್ನು ತಿರುಗಿಸುತ್ತಾ ಒತ್ತಿದರೆ ಟಕ್ ಟಕ್ ಎಂದು ಹಂತಹಂತವಾಗಿ ಇಳಿಯುತ್ತದೆ. ಬರೆದಿಟ್ಟ ಅಳತೆ ಬರುವವರೆಗೆ ಎಂಜಿನ್ನಿಗೆ ಬೋಲ್ಟ್ ಹಾಕಬೇಡಿ. ಅರೆಬರೆ ಕೂತ ಕನ್ವರ್ಟರ್ ಅನ್ನು ಬೋಲ್ಟ್‌ನಿಂದ ಎಳೆದು ಬಿಗಿದರೆ, ಎಂಜಿನ್ ಸ್ಟಾರ್ಟ್ ಆಗುವ ಮೊದಲೇ ಪಂಪ್ ಮುರಿದಿರುತ್ತದೆ.