ಕಾರಿಲ್ಲದ ಭಾನುವಾರ: ಲಾಸ್ ಏಂಜಲೀಸಿಗೆ ಹೊಸದಾಗಿ ಬಂದವರಿಗೆ

ನಮ್ಮೂರಲ್ಲಿ ಬಂದ್ ಅಂದರೆ ಮಕ್ಕಳಿಗೆ ಹಬ್ಬ. ಬಸ್ಸಿಲ್ಲ, ಆಟೋ ಇಲ್ಲ, ನಡುರಸ್ತೆಯಲ್ಲೇ ಇಟ್ಟಿಗೆ ಜೋಡಿಸಿ ಕ್ರಿಕೆಟ್. ಇಲ್ಲೂ ವರ್ಷದಲ್ಲಿ ಕೆಲವು ಭಾನುವಾರ ಅಂಥ ದಿನ ಬರುತ್ತದೆ. ಕಲ್ಲು ತೂರುವವರು ಇರುವುದಿಲ್ಲ, ಅಷ್ಟೇ ವ್ಯತ್ಯಾಸ. ಹೆಸರು ಸಿಕ್ಲಾವಿಯಾ. ಕೆಲವು ಮೈಲಿ ಉದ್ದಕ್ಕೆ ದೊಡ್ಡ ರಸ್ತೆಯನ್ನೇ ಕಾರಿಗೆ ಮುಚ್ಚಿ ಜನರಿಗೆ ಬಿಡುತ್ತಾರೆ. ನಮ್ಮ ಮಾವ ಊರಿಂದ ಬಂದ ವಾರವೇ ಕರೆದುಕೊಂಡು ಹೋಗಿದ್ದೆ. ವಿಲ್ಶೈರ್ ಬುಲೆವಾರ್ಡಿನ ನಟ್ಟನಡುವೆ ನಿಂತು, ಆ ಕಡೆ ಈ ಕಡೆ ನೋಡಿ, ಮೆಲ್ಲಗೆ ಕೇಳಿದರು: "ಯಾರು ಹೋಗ್ಬಿಟ್ರು?"

ಯಾರೂ ಹೋಗಿಲ್ಲ. ಕೊಲಂಬಿಯಾದ ಬೊಗೊಟಾದಲ್ಲಿ 1974ರಿಂದ ಹೀಗೆ ಭಾನುವಾರ ರಸ್ತೆ ಮುಚ್ಚುತ್ತಿದ್ದಾರೆ. ಅದನ್ನು ನೋಡಿ ಇಲ್ಲಿಯವರು 2010ರ ಅಕ್ಟೋಬರ್ 10ರಂದು ಶುರು ಮಾಡಿದರು. ಭಾನುವಾರ ಗಾಡಿ ಬಿಡದ ಕಬ್ಬನ್ ಪಾರ್ಕಿನಲ್ಲಿ ಓಡಾಡಿದವರಿಗೆ ರುಚಿ ಗೊತ್ತಿರುತ್ತದೆ. ಇಲ್ಲಿ ಪಾರ್ಕ್ ಅಲ್ಲ, ಊರಿನ ಮುಖ್ಯ ರಸ್ತೆಯೇ ಸಿಗುತ್ತದೆ.

ಟಿಕೆಟ್ ಇಲ್ಲ, ಹೆಸರು ಬರೆಸುವುದಿಲ್ಲ. ರೇಸಲ್ಲ, ಎಲ್ಲಿ ಬೇಕಾದರೂ ಸೇರಿಕೊಳ್ಳಿ, ಸಾಕಾದಾಗ ಬಿಡಿ. ಸೈಕಲ್, ಸ್ಕೇಟ್, ಗಾಲಿಕುರ್ಚಿ, ಕಾಲ್ನಡಿಗೆ, ಎಲ್ಲ ನಡೆಯುತ್ತದೆ. ಸಾಮಾನ್ಯವಾಗಿ ಬೆಳಗ್ಗೆ 9ಕ್ಕೆ ಶುರು, ಮಧ್ಯಾಹ್ನ 3 ಅಥವಾ 4ಕ್ಕೆ ಮುಗಿಯುತ್ತದೆ. ಪ್ರತಿ ಸಲ ಜಾಗ ಬೇರೆ, ಆದ್ದರಿಂದ ಹೊರಡುವ ಮುಂಚೆ ನಕ್ಷೆ ನೋಡಿಕೊಳ್ಳಿ.

ಕಾರಿನ ವಿಷಯ (ದಯವಿಟ್ಟು ಪೂರ್ತಿ ಓದಿ)

ನಾವು ಬಂದ ಮೊದಲ ವರ್ಷ. ಶನಿವಾರ ರಾತ್ರಿ ಗೆಳೆಯರ ಮನೆಯಲ್ಲಿ ಊಟ, ಅಲ್ಲೇ ಮಲಗಿ ಬೆಳಗ್ಗೆ ನಡೆದು ಹೋಗೋಣ ಅಂತ ಲೆಕ್ಕ. ಕಾರನ್ನು ರಸ್ತೆ ಬದಿ ನಿಲ್ಲಿಸಿದೆ. ಪಕ್ಕದ ಕಂಬಕ್ಕೆ ಒಂದು ರಟ್ಟಿನ ಬೋರ್ಡ್ ಕಟ್ಟಿತ್ತು. ನೋಡಿದೆ, ಸುಳ್ಳು ಹೇಳುವುದಿಲ್ಲ. ಆದರೆ ನಮ್ಮೂರಲ್ಲಿ ನೋ ಪಾರ್ಕಿಂಗ್ ಬೋರ್ಡಿನ ಕೆಳಗೇ ಅಲ್ವಾ ಗಾಡಿ ನಿಲ್ಲಿಸುವುದು? ಅದೂ ರಟ್ಟಿನ ಬೋರ್ಡು. ಯಾವುದೋ ಹಳೇದಿರಬೇಕು ಅಂದುಕೊಂಡೆ.

ಬೆಳಗ್ಗೆ ಎದ್ದು ನೋಡಿದರೆ ಕಾರಿಲ್ಲ. ಹೆಂಡತಿ ಕಳ್ಳತನ ಅಂತ ಅತ್ತೇಬಿಟ್ಟಳು. ಕಳ್ಳತನ ಅಲ್ಲ, ಎಳೆದುಕೊಂಡು ಹೋಗಿದ್ದರು. ದಂಡ ಒಂದು, ಎಳೆದ ಕೂಲಿ ಒಂದು, ಅಲ್ಲಿ ನಿಲ್ಲಿಸಿಕೊಂಡ ಬಾಡಿಗೆ ಒಂದು, ಎಲ್ಲ ಸೇರಿ 300 ಡಾಲರ್ ದಾಟಿತು. ಬಿಡಿಸಿಕೊಳ್ಳಲು ಕಾರಿನ ಕಾಗದ ತೋರಿಸಿ ಅಂದರು. ಕಾಗದ ಕಾರಿನೊಳಗೆ. ಕಾರು ಜಾಲರಿಯ ಆಚೆ, ಮೂರು ಮಾರು ದೂರದಲ್ಲಿ, ನನ್ನನ್ನೇ ನೋಡುತ್ತಾ ನಿಂತಿತ್ತು.

ಆದ್ದರಿಂದ: ರಟ್ಟಿನ ಬೋರ್ಡೂ ಬೋರ್ಡೇ. ಹಿಂದಿನ ದಿನವೇ ತಾರೀಕು, ಸಮಯ ಓದಿ. ಇನ್ನೊಂದು ಪೆಟ್ಟು ನಮ್ಮ ಕನ್ನಡ ಸಂಘದವರೊಬ್ಬರು ತಿಂದದ್ದು. ಅವರು ನಿಲ್ಲಿಸಿದ್ದು ಸರಿಯಾದ ಜಾಗದಲ್ಲೇ. ಆದರೆ ಮುಚ್ಚಿದ ರಸ್ತೆಯ ಆಚೆ. ಕಾರುಗಳು ದಾಟಲು ಕೆಲವೇ ಅಡ್ಡರಸ್ತೆ ಬಿಟ್ಟಿರುತ್ತಾರೆ. ಸುತ್ತಿ ಸುತ್ತಿ ಮನೆ ಸೇರುವಾಗ ಮಗುವಿಗೆ ಹಸಿವು, ಅಪ್ಪನಿಗೆ ಸಿಟ್ಟು. ನಕ್ಷೆಯಲ್ಲಿ ನಿಮ್ಮ ಮನೆ ಯಾವ ಕಡೆಗೆ ಬರುತ್ತದೋ ಆ ಕಡೆಗೇ ನಿಲ್ಲಿಸಿ. ಅಥವಾ ಕಾರು ಮನೆಯಲ್ಲೇ ಇರಲಿ.

ರೈಲು

ಮೆಟ್ರೋದಲ್ಲಿ ಸೈಕಲ್ ಒಯ್ಯಬಹುದು. ಸಿಕ್ಲಾವಿಯಾ ನಗರದ ನಡುಭಾಗದಲ್ಲಿ ನಡೆಯುವಾಗ ವೆಸ್ಟ್‌ಲೇಕ್/ಮೆಕಾರ್ಥರ್ ಪಾರ್ಕ್, ಲಿಟಲ್ ಟೋಕಿಯೋ, ಮರಿಯಾಚಿ ಪ್ಲಾಜಾ ನಿಲ್ದಾಣಗಳು ಹತ್ತಿರ. ಒಬ್ಬೊಬ್ಬರಿಗೂ ಒಂದೊಂದು ಟ್ಯಾಪ್ ಕಾರ್ಡ್ (ಮೆಟ್ರೋದಲ್ಲಿ ಹಣ ಕೊಡುವ ಕಾರ್ಡ್) ಇದ್ದರೆ ಒಳ್ಳೆಯದು. ಟಿಕೆಟ್ ಹಣ ಕೊಟ್ಟ ಒಬ್ಬ ದೊಡ್ಡವರ ಜೊತೆ 5 ವರ್ಷದೊಳಗಿನ ಇಬ್ಬರು ಮಕ್ಕಳಿಗೆ ಬಿಟ್ಟಿ. ಅರ್ವೈನ್ ಕಡೆಯವರು ಮೆಟ್ರೋಲಿಂಕ್ (ಸುತ್ತಲಿನ ಊರುಗಳಿಂದ ಬರುವ ರೈಲು) ಹಿಡಿದು ಯೂನಿಯನ್ ಸ್ಟೇಷನ್ನಿಗೆ ಬನ್ನಿ. ವಾರದ ಕೊನೆಗೆ ಆ ರೈಲು ಕಡಿಮೆ. ವಾಪಸ್ ರೈಲಿನ ಸಮಯ ಮೊದಲೇ ಬರೆದಿಟ್ಟುಕೊಳ್ಳಿ.

ಬಂದು ತಿಂಗಳಾದರೂ ಲೈಸೆನ್ಸ್ ಇಲ್ಲದೆ ಅಪಾರ್ಟ್‌ಮೆಂಟಿನ ಗೋಡೆ ನೋಡುತ್ತಾ ಕೂತಿರುವ ಗೃಹಿಣಿಯರೇ, ಇದು ನಿಮಗೇ ಹೇಳುತ್ತಿರುವುದು. ಈ ಊರಲ್ಲಿ ಕಾರಿಲ್ಲದವರು ಗಟ್ಟಿಗರಾಗಿ ಓಡಾಡುವ ದಿನ ಅದೊಂದೇ.

ಮಕ್ಕಳು

18ರೊಳಗಿನವರು ಹೆಲ್ಮೆಟ್ ಹಾಕಲೇಬೇಕು. ಸೈಕಲ್ಲಿಗೆ ಮಾತ್ರವಲ್ಲ, ಸ್ಕೇಟಿಗೂ, ತಳ್ಳುವ ಸ್ಕೂಟರಿಗೂ. ಕ್ಯಾಲಿಫೋರ್ನಿಯಾದ ಕಾನೂನು ಅದು. ಅಡ್ಡರಸ್ತೆಯಲ್ಲಿ ಕಾರು ದಾಟುವ ಕಡೆ ನಮ್ಮನ್ನು ನಿಲ್ಲಿಸುತ್ತಾರೆ, ಅಲ್ಲಿ ಚಿಕ್ಕವರ ಕೈ ಹಿಡಿದುಕೊಳ್ಳಿ. ರಸ್ತೆ ಖಾಲಿ ಅಂತ ಓಡಿ ಅಭ್ಯಾಸವಾದ ಮಗು ಅಲ್ಲೂ ಓಡುತ್ತದೆ. ಮತ್ತೆ, ಬಲಗಡೆ! ನಮಗೆ ಎಡಗಡೆ ರಕ್ತದಲ್ಲೇ ಇದೆ. ಎದುರಿಂದ ಸೈಕಲ್ ಬಂದಾಗ ಕಾಲು ತಾನಾಗಿ ಎಡಕ್ಕೆ ಸರಿಯುತ್ತದೆ, ಅವರು ಅದೇ ಕಡೆ ಬರುತ್ತಾರೆ, ಢಿಕ್ಕಿ.

ತಿಂಡಿ

ಬೀದಿ ಬದಿ ಗಾಡಿಯಲ್ಲಿ ಮಾವಿನಹಣ್ಣು, ಸೌತೆಕಾಯಿ ಹೆಚ್ಚಿ ನಿಂಬೆರಸ ಹಿಂಡಿ ಖಾರದ ಪುಡಿ ಉದುರಿಸಿ ಕೊಡುತ್ತಾರೆ. ಒಂದು ಚೂರು ಬಾಯಿಗೆ ಹೋದರೆ ಶಾಲೆ ಗೇಟಿನ ಮುಂದೆ ನಿಂತ ಹಾಗಾಗುತ್ತದೆ. ಚಿಲ್ಲರೆ ನೋಟು ಇಟ್ಟುಕೊಳ್ಳಿ. ಸಸ್ಯಾಹಾರಿಗಳು ಗಮನಿಸಿ: ಅರೆದ ಬೀನ್ಸಿನಲ್ಲಿ ಹಂದಿ ಕೊಬ್ಬು ಹಾಕುವುದು ಉಂಟು. ಅದಕ್ಕೆ ಸ್ಪ್ಯಾನಿಷ್‌ನಲ್ಲಿ 'ಮಾಂತೆಕಾ' ಅನ್ನುತ್ತಾರೆ. 'ಸಿನ್ ಮಾಂತೆಕಾ?' ಅಂತ ಕೇಳಿ, ಬೇಜಾರು ಮಾಡಿಕೊಳ್ಳುವುದಿಲ್ಲ.

ತರಬೇಕಾದ್ದು

- ನೀರು
- ಟೋಪಿ
- ಶೂ (ಹವಾಯಿ ಚಪ್ಪಲಿ ಬೇಡ)
- ಸೈಕಲ್ ಬೀಗ
- ಸೀರೆ, ದುಪಟ್ಟಾ ಇದ್ದರೆ ಪಿನ್ನು

ನಮ್ಮವರಿಗೆ ಎರಡು ಮಾತು

ಮುಹೂರ್ತ ಮುಗಿದ ಮೇಲೆ ಊಟಕ್ಕೆ ಬಂದ ಹಾಗೆ ಮಧ್ಯಾಹ್ನ 1ಕ್ಕೆ ಬರಬೇಡಿ, ಬಿಸಿಲೂ ಜಾಸ್ತಿ. ಇಪ್ಪತ್ತು ಜನ ಸಾಲಾಗಿ ನಿಂತು ರಸ್ತೆ ಅಡ್ಡ ಹಾಕಿ ಫೋಟೋ ತೆಗೆಸಬೇಡಿ. ಪಕ್ಕಕ್ಕೆ ಬಂದು ಎಷ್ಟು ಬೇಕಾದರೂ ತೆಗೆಸಿ. ಹಳದಿ-ಕೆಂಪು ಶಾಲು ಮಾತ್ರ ಮರೆಯದೆ ತನ್ನಿ. ಹೋದ ಸಲ ಅದನ್ನು ನೋಡಿಯೇ ಸೈಕಲ್ಲಿಂದ ಒಬ್ಬ ಹುಡುಗ ಇಳಿದು "ಕನ್ನಡದೋರಾ?" ಅಂದ. ದಾವಣಗೆರೆಯವನಂತೆ, ಬಂದು ಒಂಬತ್ತು ದಿನವಾಗಿತ್ತು. ಮಧ್ಯಾಹ್ನದವರೆಗೂ ನಮ್ಮ ಜೊತೆಯೇ ಇದ್ದ.

ನಾವು ಸೇರುವುದು ಯೂನಿಯನ್ ಸ್ಟೇಷನ್ನಿನ ಮುಂಬಾಗಿಲಲ್ಲಿ, ಬೆಳಗ್ಗೆ 8:30ಕ್ಕೆ. ಚಿತ್ರಾನ್ನ, ಮೊಸರನ್ನ ಸಂಘದ್ದು. ತಟ್ಟೆ, ಚಮಚ ನಿಮ್ಮ ನಿಮ್ಮದು.